ಕುಸುಬಿ ಹೂವಿನ ಬಣ್ಣದ ಮೋಟಾರು

ಮೋಟಾರು ನಿಂತಾಗ ಅದರ ಮೂತಿಗೂ ಮಗುವಿಗೂ ನಡುವೆ ಒಂದು ಮೊಳ ಜಾಗವಷ್ಟೇ ಉಳಿದಿತ್ತು.

ಜಯದೇವಿ ತಲೆಯ ಮೇಲಿನ ಬುಟ್ಟಿಯನ್ನು ಬಿಸುಟು ಓಡಿಬಂದಳು. ಕೆಂಪು ಬಾಳೆಹಣ್ಣುಗಳು ರಸ್ತೆಯ ತುಂಬ ಚೆಲ್ಲಿದವು. ನಾಲ್ಕು ವರ್ಷದ ಮಗಳು ಚಂದಮ್ಮನನ್ನು ಎದೆಗೆ ಅವಚಿಕೊಂಡಳು.

ಮೋಟಾರಿನಿಂದ ಒಬ್ಬ ತರುಣ ಇಳಿದ. ಅವನ ಮುಖ ಬಿಳಿಚಿಕೊಂಡಿತ್ತು.

"ಪೆಟ್ಟೇನರ ಆತೇನ್ರಿ ಕೂಸಿಗೆ?"

"ಊರೊಳಗ ಹಿಂಗ ಓಡಸ್ತಾರೇನ್ರಿ ಗಾಡಿ? ಕಣ್ಣು ಎಲ್ಲಿಟ್ಟಿದ್ರಿ?"

"ತಪ್ಪಾತ್ರಿ. ನಂದೇ ತಪ್ಪು."

ಇನ್ನೂ ಏನೇನೋ ಬೈಯಬೇಕೆಂದಿದ್ದಳು. ಆದರೆ ಆತ ರೇಷ್ಮೆ ಅಂಗಿಯ ಪರಿವೆಯೇ ಇಲ್ಲದೆ ಮಣ್ಣಿನಲ್ಲಿ ಮೊಣಕಾಲೂರಿ, ಒಂದೊಂದೇ ಹಣ್ಣನ್ನು ಒರೆಸಿ ಬುಟ್ಟಿಗೆ ತುಂಬತೊಡಗಿದ.

ಇದು ನಿಜಾಮರ ಕಾಲದ ಮಾತು. ಕಲಬುರಗಿ ಶಹರಿನಲ್ಲಿ ಸ್ವಂತ ಮೋಟಾರುಗಳನ್ನು ಬೆರಳುಗಳಲ್ಲಿ ಎಣಿಸಬಹುದಾಗಿತ್ತು. ಕಮಲಾಪುರದಂಥ ಊರಿಗೆ, ಜನರನ್ನು ಸಾಗಿಸುವ ಸರ್ವಿಸ್ ಮೋಟಾರು ಬಿಟ್ಟು ಬೇರೊಂದು ಬಂದರೆ ಜನ ನೆರೆಯುತ್ತಿದ್ದರು. ಅದರಲ್ಲೂ ಇದು ಹೈದರಾಬಾದಿನಿಂದ ಬಂದ ರಕ್ತಗೆಂಪು ಬಣ್ಣದ ಪುಟ್ಟ ಗಾಡಿ. ಎರಡೇ ಸೀಟು, ಕನ್ನಡಿಯಂತೆ ಹೊಳೆಯುವ ಹಿತ್ತಾಳೆ ದೀಪ.

ಅದರ ಒಡೆಯ ಮಾಣಿಕಪ್ಪ, ಕಲಬುರಗಿಯ ತೊಗರಿ ವ್ಯಾಪಾರಿ ಜಗದೇವಪ್ಪನವರ ಒಬ್ಬನೇ ಮಗ. ಎಂಟು ವರ್ಷದವನಿದ್ದಾಗಲೇ ತಾಯಿಯನ್ನು ಕಳೆದುಕೊಂಡವನು.

ಜಯದೇವಿಗೆ ಆಗ ಇಪ್ಪತ್ಮೂರು. ಗಂಡ ಪ್ಲೇಗಿಗೆ ತುತ್ತಾಗಿ ಮೂರು ವರ್ಷ ಕಳೆದಿತ್ತು. ಅತ್ತೆ ಸೂಗಮ್ಮ, ಮಗಳು, ಒಂದು ಬಾಳೆ ತೋಟ... ಇಷ್ಟೇ ಅವಳ ಪ್ರಪಂಚ.

ಗಂಡ ಸತ್ತ ದಿನ ನೆಂಟರು ಅವಳನ್ನು "ಕಾಲ್ಗುಣ ಸರಿಯಿಲ್ಲ" ಎಂದು ಜರೆದಾಗ, ಸೂಗಮ್ಮ ಹೊಸ್ತಿಲ ಮೇಲೆ ನಿಂತು ಹೇಳಿದ್ದರು: "ಆಕಿ ಗಂಡನ್ನ ಕಳಕೊಂಡಾಳ, ನಾ ಮಗನ್ನ ಕಳಕೊಂಡೀನಿ. ಈಕಿನ್ನ ಅಂದವರು ನನ್ನ ಮನಿ ಪಾವಟಿಗಿ ಹತ್ತಬ್ಯಾಡ್ರಿ."

ಆ ಮಾತಿನ ಋಣವನ್ನು ಜಯದೇವಿ ಒಂದು ದಿನವೂ ಮರೆತಿರಲಿಲ್ಲ. ಮರುವರ್ಷ ಬಾವಿಕಟ್ಟೆಯ ಬಳಿ ಜಾರಿಬಿದ್ದು ಅತ್ತೆಯ ಸೊಂಟ ಮುರಿಯಿತು. ಅಂದಿನಿಂದ ಅವರ ಎಡಗಾಲು ಗೇಣಿಗಿಂತ ಮೇಲೆ ಏಳುತ್ತಿರಲಿಲ್ಲ. ಜಯದೇವಿಯೇ ಅವರ ಊರುಗೋಲಾದಳು.

ವಾರದ ಬಳಿಕ ಕೆಂಪು ಗಾಡಿ ಅವರ ಮನೆಯ ಮುಂದೆ ಬಂದು ನಿಂತಿತು.

"ಕೂಸಿನ ಅಂಜಿಕಿ ಹೋಗ್ಯಾದೋ ಇಲ್ಲೋ ಕೇಳಿ ಹೋಗೂಣಂತ ಬಂದೆ," ಎಂದ ಮಾಣಿಕಪ್ಪ.

ಸೂಗಮ್ಮ ಅವನನ್ನು ಕೂರಿಸಿ ಮಜ್ಜಿಗೆ ಕೊಡಿಸಿದರು. ಆಮೇಲೆ ಅವನು ಪ್ರತಿ ಸೋಮವಾರ ಬರತೊಡಗಿದ. ಕಲಬುರಗಿಯ ಅಂಗಡಿಗಳಿಗೆ ಬಾಳೆಗೊನೆ ಒಯ್ಯುವ ನೆಪ. ಗೊನೆ ಗಾಡಿಗೆ ಹೇರಿದ ಮೇಲೂ ಅವನು ಏಳುತ್ತಿರಲಿಲ್ಲ. ಸೂಗಮ್ಮನ ಪಕ್ಕ ಕಟ್ಟೆಯ ಮೇಲೆ ಕುಳಿತು ಅವರ ಮಾತು ಕೇಳುತ್ತಿದ್ದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಜಯದೇವಿಗೆ ಅವನ ನಗು ಕೇಳಿಸುತ್ತಿತ್ತು.

'ಸೋಮವಾರ ಯಾಕ ಇಷ್ಟ ತಡಾ ಮಾಡಿ ಬರ್ತದ...' ಎಂದು ತನಗೇ ಅನ್ನಿಸಿದ ದಿನ ಅವಳು ಬೆಚ್ಚಿದಳು.

ಐದು ತಿಂಗಳು ಹೀಗೆಯೇ ಕಳೆಯಿತು. ಒಂದು ಮಧ್ಯಾಹ್ನ ತೋಟದ ಬದುವಿನಲ್ಲಿ ಮಾಣಿಕಪ್ಪ ಅವಳೆದುರು ನಿಂತ. ಎಂದೂ ತಡವರಿಸದವನು ಅಂದು ತಡವರಿಸಿದ.

"ಜಯದೇವಿಯವ್ರ... ನಮ್ಮ ಮಂದ್ಯಾಗ ಉಡಿಕಿ ಮದಿವಿ ಅದ. ನಮ್ಮಪ್ಪಗೂ ಹೇಳೀನಿ, ಒಪ್ಪ್ಯಾರ. ನನ್ನ ಬಾಜೂಕ ಒಂದು ಸೀಟು ಖಾಲಿ ಅದ ರೀ. ಅದರಾಗ ನೀವೇ ಕುಂದರಬೇಕಂತ ನನ್ನ ಆಸೆ."

ಅವಳ ಕಣ್ಣು ತಾನಾಗಿ ರಸ್ತೆಯತ್ತ ಹೋಯಿತು. ಬಿಸಿಲಲ್ಲಿ ಹೊಳೆಯುವ ಕೆಂಪು ಮೋಟಾರು. ಒಂದು ಸೀಟು ಅವನದು. ಇನ್ನೊಂದು ಸೀಟು...

ಉಡಿಕೆಯಾಗಿ, ಅಂದರೆ ಮರುಮದುವೆಯಾಗಿ, ಹೋದ ವಿಧವೆ ಹಳೆಯ ಮನೆಯತ್ತ ತಿರುಗಿ ನೋಡಬಾರದು ಎಂಬುದು ಆಗಿನ ರೂಢಿ. ಮಗುವಾದರೋ ಸತ್ತ ಗಂಡನ ಮನೆಗೆ ಸೇರಿದ್ದು. ಅತ್ತೆಯಂತೂ ಹೊಸ ಮನೆಗೆ ಹೊರಗಿನವರೇ. ಆ ರೂಢಿಗೆ ತಕ್ಕಂತೆಯೇ ಕಬ್ಬಿಣದಲ್ಲಿ ಎರಕ ಹೊಯ್ದ ಹಾಗೆ ಕಂಡಿತು ಅವಳಿಗೆ ಆ ಗಾಡಿ.

"ಒಲ್ಲೆ ರೀ," ಎಂದಳು.

"ನಾ ಏನರ ತಪ್ಪು ಮಾತಾಡಿದ್ನೇನ್ರಿ?"

"ಇಲ್ಲ. ಇನ್ನ ಮ್ಯಾಲ ಬರಬ್ಯಾಡ್ರಿ."

ತೀರಿಹೋದ ಗಂಡನನ್ನು ಅವಳಿನ್ನೂ ಮರೆತಿಲ್ಲ ಎಂದುಕೊಂಡ ಮಾಣಿಕಪ್ಪ. ತಲೆ ತಗ್ಗಿಸಿ ಹೋದ. ಮುಂದಿನ ಸೋಮವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಸೂಗಮ್ಮ ಎಲ್ಲ ಗಮನಿಸುತ್ತಿದ್ದರು. ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ಸೊಸೆಯನ್ನು ಹತ್ತಿರ ಕರೆದರು.

"ಖರೇ ಹೇಳು ಜಯಾ. ಆ ಹುಡುಗ ಬ್ಯಾಡಾಗ್ಯಾನೇನು ನಿನಗ?"

ಜಯದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೋಗವ್ವಾ. ಚಂದಿನ್ನ ನಾ ನೋಡಕೋತೀನಿ."

"ಎರಡು ಹೆಜ್ಜಿ ನಡೀಲಿಕ್ಕೆ ಬರಂಗಿಲ್ಲ ನಿಮಗ. ನಿಮ್ಮನ್ನೂ ನನ್ನ ಕೂಸನ್ನೂ ಬಿಟ್ಟು ಸಿಗೂ ಸುಖ ಅದೆಂಥಾ ಸುಖ ರೀ ಅತ್ತಿ? ಬ್ಯಾಡ ನನಗ."

ಸೂಗಮ್ಮ ಸೊಸೆಯ ತಲೆ ನೇವರಿಸಿದರು.

"ಹಂಗಂತ ಅವನಿಗೆ ಹೇಳಿಯೇನು?"

"ಇಲ್ಲ."

"ಮತ್ತ ಅವನಿಗೆ ಯಾಕ ಈ ಶಿಕ್ಷಾ? ಕೇಳದೇ ಇದ್ದ ಮಾತಿಗೆ ಅವನರ ಏನಂತ ಜವಾಬು ಕೊಟ್ಟಾನು?"

ಆ ಮಾತು ನಾಟಿತು. ಮರುದಿನ ಬೆಳಿಗ್ಗೆ ಜಯದೇವಿ ಸರ್ವಿಸ್ ಮೋಟಾರು ಹತ್ತಿ ಕಲಬುರಗಿಗೆ ಹೊರಟಳು. ಹೂಂ ಎನ್ನಲೆಂದಲ್ಲ. ಒಬ್ಬ ಒಳ್ಳೆಯ ಮನುಷ್ಯನನ್ನು ಸುಳ್ಳು ನೋವಿನಲ್ಲಿ ಬಿಡಬಾರದು ಎಂದು.

ಕೋಟೆಯ ಕಂದಕದ ಬದಿಗೆ ಇಮಾಮುದ್ದೀನ್ ಮಿಸ್ತ್ರಿಯ ಕಾರ್ಖಾನೆ. ಹಳೆಯ ಮೋಟಾರು ದುರಸ್ತಿ ಮಾಡಿ ಮಾರುವುದು ಅವರ ಕಸುಬು. ಮೋಟಾರಿನ ಹುಚ್ಚಿನ ಮಾಣಿಕಪ್ಪ ಹಗಲೆಲ್ಲ ಅಲ್ಲಿಯೇ ಇರುತ್ತಾನೆಂದು ಅವನ ಅಪ್ಪನ ತೊಗರಿ ಅಂಗಡಿಯವರು ಹೇಳಿದ್ದರು.

ಅವಳನ್ನು ಕಂಡು ಅವನು ದಡಬಡಿಸಿ ಎದ್ದ. ಕೈಯೆಲ್ಲ ಎಣ್ಣೆ.

"ನೀವು... ಇಲ್ಲಿ? ಸೂಗಮ್ಮನವ್ರು ಆರಾಮ ಅದಾರಲ್ಲರೀ?"

ಮೊದಲ ಮಾತೇ ಅತ್ತೆಯ ಬಗ್ಗೆ.

"ಆರಾಮ ಅದಾರ. ನಾ ಯಾಕ ಒಲ್ಲೆ ಅಂದೆ ಅಂತ ಹೇಳ್ಲಿಕ್ಕೆ ಬಂದೀನಿ. ನಾವು ಮೂರು ಮಂದಿ ರೀ. ನಿಮ್ಮ ಗಾಡ್ಯಾಗ ಜಾಗಾ ಒಬ್ಬರಿಗೇ ಅದ."

ಅವನು ಕಣ್ಣು ಪಿಳುಕಿಸಿದ.

"ಅವರನ್ನ ಬಿಟ್ಟು ಬರ್ರಿ ಅಂತ ನಾ ಎಂದರ ಅಂದೀನೇನ್ರಿ?"

"ನೀವು ಅಂದಿಲ್ಲ. ಗಾಡಿ ಅಂತು."

ಮಾಣಿಕಪ್ಪ ಅಲ್ಲಿಯೇ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕುಸಿದು ಕುಳಿತ.

"ಎಂಥಾ ದಡ್ಡ ಅದೀನಿ ನಾ... ಜಯದೇವಿಯವ್ರ, ಪ್ರತಿ ಸೋಮವಾರ ನಾ ಬರೂದು ನಿಮ್ಮ ಮುಖ ನೋಡ್ಲಿಕ್ಕೆ, ಖರೇ. ಆದರ ಆ ಕಟ್ಟಿ ಮ್ಯಾಲ ಸೂಗಮ್ಮನವ್ರು 'ಉಂಡಿಯೇನಪ್ಪಾ' ಅಂತ ಕೇಳ್ತಾರಲ್ಲ... ಆ ಮಾತು ಕೇಳಿ ನನಗ ಇಪ್ಪತ್ತು ವರ್ಷ ಆಗಿತ್ತು. ಅವರನ್ನ ಬಿಟ್ಟು ನಿಮ್ಮನ್ನ ಹೆಂಗ ಕರೀಲಿ? ಎಲ್ಲಾರೂ ಬರ್ತೀರಿ ಅಂತ ನಾ ತಿಳಕೊಂಡೇ ಬಿಟ್ಟಿದ್ದೆ. ಬಾಯಿಲೆ ಹೇಳಬೇಕು ಅನ್ನೂದು ಹೊಳೀಲೇ ಇಲ್ಲ."

ಜಯದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎರಡು ತಿಂಗಳ ದುಃಖ ಬಿಕ್ಕಳಿಕೆಯಾಗಿ ಹೊರಬಂತು.

ಇಮಾಮುದ್ದೀನ್ ಸದ್ದಿಲ್ಲದೆ ಒಂದು ಲೋಟ ನೀರು ತಂದಿಟ್ಟು ಆಚೆ ಹೋದರು.

"ಇವತ್ತೇ ಆ ಕೆಂಪು ಗಾಡಿ ಮಾರಿಬಿಡ್ತೀನಿ," ಎಂದು ಮಾಣಿಕಪ್ಪ ಎದ್ದ. "ಚಾಚಾ, ಆ ಕರೀ ಗಾಡಿ ತೋರಸ್ರಿ."

ಮೂಲೆಯಲ್ಲಿ ಒಂದು ದೊಡ್ಡ ಕಪ್ಪು ಮೋಟಾರು ನಿಂತಿತ್ತು. ಕಪಾಟಿನಂತೆ ಚೌಕ, ನಾಲ್ಕೂ ಕಡೆ ಮುಚ್ಚಿದ್ದು. ಆರು ಜನ ಕೂರಬಹುದು.

"ಖಾಂದಾನಿ ಗಾಡಿ, ಬೆಹನ್. ಮಜಬೂತ್ ಅದ," ಎಂದರು ಇಮಾಮುದ್ದೀನ್.

ಮಾಣಿಕಪ್ಪ ಆಗಬಹುದೆಂದು ತಲೆಯಾಡಿಸಿದ. ಆದರೆ ಅವನ ಮುಖದಲ್ಲಿ ಎಂದಿನ ಬೆಳಕಿರಲಿಲ್ಲ. ಜಯದೇವಿ ಅದನ್ನು ಕಂಡಳು.

'ನಮ್ಮ ಸಲುವಾಗಿ ಈತ ತನ್ನ ಖುಷಿ ಮೂಲಿಗೆ ಹಾಕಬಾರದು. ನನಗೂ ಸಾಕಾಗ್ಯಾದ ಈ ಕಪ್ಪು, ಈ ಬೂದಿ...'

"ಇದು ಬ್ಯಾಡ ರೀ."

ಇಬ್ಬರೂ ಅವಳತ್ತ ತಿರುಗಿದರು.

"ಜಾಗಾ ಅದ, ಚೆಲುವಿಕಿ ಇಲ್ಲ. ಪಾವಟಿಗೀನೂ ಎತ್ತರ ಅದ, ಅತ್ತಿ ಕಾಲು ಏರಂಗಿಲ್ಲ. ಅದು ಯಾವುದು?"

ಗೋಡೆಯ ಬದಿಗೆ ಒಂದು ಉದ್ದನೆಯ ತೆರೆದ ಮೋಟಾರಿತ್ತು. ಬಣ್ಣ ಹಕ್ಕಳೆ ಎದ್ದಿತ್ತು. ಆದರೆ ಮೂತಿಯಿಂದ ಬಾಲದವರೆಗೆ ಹಂಸದ ಕೊರಳಿನಂತೆ ಬಾಗಿದ ಮೈ. ಹಿಂದೆ ಅಗಲವಾದ ಸೀಟು, ಬಿಸಿಲಿಗೆ ಎಳೆಯಲು ಕ್ಯಾನ್ವಾಸಿನ ಮುಚ್ಚಿಗೆ, ಉದ್ದಕ್ಕೂ ಮೆಟ್ಟಲು ತಗ್ಗಿನ ಹಲಗೆ.

ಜಯದೇವಿ ಬಾಗಿ ನೆಲದಿಂದ ಹಲಗೆಯ ಎತ್ತರವನ್ನು ಗೇಣಿನಿಂದ ಅಳೆದಳು. ಒಂದು ಗೇಣು, ಮೇಲೆ ನಾಲ್ಕು ಬೆರಳು.

"ಇನ್ನೊಂದು ಹಲಗಿ ಕೆಳಗ ಕೂಡಸ್ಲಿಕ್ಕೆ ಬರ್ತದೇನ್ರಿ ಮಿಸ್ತ್ರಿಯವ್ರ? ಬಾಗಲಾ ಇನ್ನ ಜರಾ ಅಗಲ ಆಗಬೇಕು. ಒಬ್ಬರು ಹಿಡಕೊಂಡು ಹತ್ತಸೂವಷ್ಟು."

"ಬರಾಬರ್ ಮಾಡಿ ಕೊಡ್ತೀನಿ. ಹದಿನೈದು ವರ್ಷದಾಗ ಯಾರೂ ಗೇಣು ಹಾಕಿ ಮೋಟಾರ ಆರಿಸಿಲ್ಲ," ಎಂದು ಮಿಸ್ತ್ರಿ ನಕ್ಕರು. "ಬಣ್ಣ ಯಾವುದು ಹಚ್ಚಲಿ?"

ಮಾಣಿಕಪ್ಪ ಜಯದೇವಿಯ ಕಡೆ ನೋಡಿದ. "ನೀವೇ ಹೇಳ್ರಿ."

ಮೂರು ವರ್ಷದಿಂದ ಅವಳನ್ನು ಯಾರೂ ಬಣ್ಣ ಕೇಳಿರಲಿಲ್ಲ. ಸೀರೆಯ ಅಂಗಡಿಯಲ್ಲಿ ಕೂಡ ಅವಳಿಗೆಂದು ಮಾಸಲು ಸೀರೆಗಳನ್ನೇ ಮುಂದೆ ಹಾಕುತ್ತಿದ್ದರು.

"ಕುಸುಬಿ ಹೂವಿಂದು," ಎಂದಳು ಮೆಲ್ಲಗೆ. "ಮಾಗೀ ದಿನದಾಗ ಹೊಲದ ತುಂಬ ಅರಳ್ತದಲ್ಲ... ಆ ಬಣ್ಣ."

ತಿಂಗಳ ಮೇಲೆ ಕಿತ್ತಳೆ ಹಳದಿಯ ಮೋಟಾರು ಕಮಲಾಪುರಕ್ಕೆ ಬಂದಾಗ ಊರಿಗೆ ಊರೇ ಬೀದಿಗೆ ಬಂತು. ಮಾಣಿಕಪ್ಪ ನೇರ ಸೂಗಮ್ಮನ ಮುಂದೆ ಹೋಗಿ ನೆಲದ ಮೇಲೆ ಕುಳಿತ.

"ನಾ ಬರಂಗಿಲ್ಲಪ್ಪಾ," ಎಂದರು ಸೂಗಮ್ಮ. "ಸೊಸಿನ್ನ ಉಡಿಕಿ ಕೊಟ್ಟು, ಆಕಿ ಬೆನ್ನಿಗೆ ನಾನೂ ಹೋದರ ಮಂದಿ ಏನಂದಾರು?"

"ಸೊಸಿ ಬೆನ್ನಿಗೆ ಬರಬ್ಯಾಡ್ರಿ. ಮಗನ ಮನಿಗೆ ಬರ್ರಿ. ನಮ್ಮಪ್ಪನೂ ಹೇಳಿ ಕಳಿಸ್ಯಾರ, ಮನ್ಯಾಗ ಹಿರೇ ಹೆಣ್ಣುಮಗಳು ಇಲ್ದ ದೀಪ ಹಚ್ಚಿದಂಗ ಆಗಂಗಿಲ್ಲಂತ. ತೋಟಕ್ಕ ವಾರಕ್ಕೊಮ್ಮಿ ನಾನೇ ನಿಮ್ಮನ್ನ ಕರಕೊಂಡು ಬರ್ತೀನಿ."

ಸೂಗಮ್ಮ ಕೈಯನ್ನು ಅವನ ತಲೆಯ ಮೇಲಿಟ್ಟರು. ಆಗಲೆಂದು ತಲೆಯಾಡಿಸಿದರು.

ಉಡಿಕೆ ಅದೇ ವಾರ ಮನೆಯಲ್ಲಿಯೇ ನಡೆಯಿತು. ಜಂಗಮರು ಹರಸಿದರು. ಜಯದೇವಿಗೆ ಹಸಿರು ಬಳೆ ತೊಡಿಸಿದವರು ಸೂಗಮ್ಮ. ಅವರ ಪಾದದ ಮೇಲೆ ತಲೆಯಿಟ್ಟ ಜಯದೇವಿ ಎಷ್ಟು ಹೊತ್ತಾದರೂ ಏಳಲಿಲ್ಲ.

"ಏಳವ್ವಾ... ನೀ ನನಗ ಮಾಡಿದ್ದು ಹೊಟ್ಟ್ಯಾಗ ಹುಟ್ಟಿದವರೂ ಮಾಡಂಗಿಲ್ಲ," ಎಂದರು ಅತ್ತೆ.

ಹೊರಡುವಾಗ ಸೂಗಮ್ಮ ಒಂದು ಕೈ ಸೊಸೆಯ ಭುಜದ ಮೇಲೆ, ಒಂದು ಕೈ ಮಾಣಿಕಪ್ಪನ ಭುಜದ ಮೇಲೆ ಇಟ್ಟರು. ಕೆಳಗಿನ ಹಲಗೆಗೆ ಎಡಗಾಲು. ಮೇಲಿನದಕ್ಕೆ ಬಲಗಾಲು. ನೋವಿಲ್ಲದೆ ಸೀಟಿನಲ್ಲಿ ಕುಳಿತರು. ಪಕ್ಕದಲ್ಲಿ ಚಂದಮ್ಮ ಆಗಲೇ ಕುಣಿಯುತ್ತಿದ್ದಳು.

ಅರ್ಧ ದಾರಿಯಲ್ಲಿ ಇಂಜಿನ್ನಿಗೆ ನೀರು ಹಾಕಲು ಮಾಣಿಕಪ್ಪ ಗಾಡಿ ನಿಲ್ಲಿಸಿದ. ಹಿಂದಿನ ಸೀಟಿನಲ್ಲಿ ಅಜ್ಜಿ ಮೊಮ್ಮಗಳು ಒಬ್ಬರಿಗೊಬ್ಬರು ಒರಗಿ ನಿದ್ದೆಹೋಗಿದ್ದರು. ಜಯದೇವಿಯೂ ಕೆಳಗಿಳಿದು ಅವನ ಹತ್ತಿರ ಬಂದು ನಿಂತಳು. ಎರಡೂ ಬದಿಗೆ ಜೋಳದ ಹೊಲ, ತಂಪು ಗಾಳಿ.

"ಒಂದು ಮಾತು ಹೇಳ್ಲಿ?" ಎಂದಳು. "ಆವತ್ತು ಒಲ್ಲೆ ಅಂದಾಗೂ ನನ್ನ ಮನಸ್ಸಿನಾಗ ನೀವೇ ಇದ್ರಿ."

ಮಾಣಿಕಪ್ಪನ ಕೈಯಲ್ಲಿದ್ದ ತಂಬಿಗೆ ಹಾಗೆಯೇ ನಿಂತಿತು. ಅವನ ಕಣ್ಣು ತುಂಬಿತು.

"ನಾನೂ ಒಂದು ಕೇಳ್ಲೇನು? ಇನ್ನ ಮ್ಯಾಲ ನಿಮ್ಮನ್ನ... 'ನೀ' ಅಂತ ಕರೀಲಾ?"

ಅವಳು ನಾಚಿ ತಲೆಯಾಡಿಸಿದಳು.

"ಜಯಾ... ದಣದಿಯೇನು?"

"ಇಲ್ರಿ," ಎಂದು ಅವಳು ಅವನ ತೋಳಿಗೆ ಹಣೆ ಆನಿಸಿದಳು. "ಭಾಳ ವರ್ಷದ ಮ್ಯಾಲ ಇವತ್ತು ದಣಿವು ಹೋಗ್ಯಾದ."