ಅಜ್ಜನ ಮುಷ್ಟಿಯಲ್ಲಿ ಏನಿತ್ತು?

"ಅಜ್ಜ, ಕೈ ಕೊಡಿಲ್ಲಿ."

ಗುಂಡಯ್ಯಜ್ಜ ಕಾಫಿ ಲೋಟ ಕೆಳಗಿಟ್ಟು ಬಲಗೈ ಚಾಚಿದ. ಪೂಜಿತಾ ಸ್ಕೂಲ್ ಬ್ಯಾಗನ್ನೂ ಇಳಿಸದೆ ಆ ಕೈಯನ್ನು ಎಳೆದುಕೊಂಡು ಪೊಲೀಸ್ ನಾಯಿಯ ಹಾಗೆ ಮೂಸಿದಳು. ಕಾಫಿ ವಾಸನೆ ಇತ್ತು, ಎಲೆಅಡಿಕೆ ವಾಸನೆ ಇತ್ತು. ಜೊತೆಗೆ ಇನ್ನೊಂದೂ ಇತ್ತು.

"ಮೀನು ವಾಸನೆ ಬರ್ತಾ ಐತೆ."

"ಬರ್ದೆ ಇನ್ನೇನು? ಮಧ್ಯಾಹ್ನ ಮೀನು ಸಾರಲ್ಲಿ ಉಂಡಿದೀನಿ. ನಿನಗೂ ಎತ್ತಿಟ್ಟವ್ಳೆ ನಿಮ್ಮಜ್ಜಿ."

"ಅದಲ್ಲ. ನನ್ನ ತೊಟ್ಟಿಗೆ ಗದ್ದೆಮೀನು ಬಿಟ್ಟಿದೀಯ ನೀನು. ಈಗ ನೋಡ್ಕೊಂಡೇ ಬಂದೆ. ಮಣ್ಣು ಬಣ್ಣದವು, ಪಾಚಿ ಸಂದೀಲಿ ಅವಿತ್ಕೊಂಡವೆ."

"ನಾನಾ? ಇಲ್ಲ ಕಣವ್ವ."

"ಪಾಚಿ ಹಾಕಿದ್ದು ಯಾರು ಹಂಗಾದ್ರೆ?"

"ಪಾಚಿ ನಾನೇ ಹಾಕಿದ್ದು. ಬೇಸಿಗೇಲಿ ನೀರು ಕಾಯ್ತಿತ್ತು. ನಿನ್ನ ಮೀನಿಗೆ ನೆರಳಿರ್ಲಿ ಅಂತ ಹಳ್ಳದಿಂದ ಒಂದು ಕಂತೆ ತಂದು ಬಿಟ್ಟೆ. ಮೀನು ಬಿಟ್ಟಿಲ್ಲ."

ಪೂಜಿತಾ ನಂಬಲಿಲ್ಲ. ಪಾಚಿ ಹಾಕಿದವರು ಮೀನು ಬಿಡದೆ ಇರುತ್ತಾರೆಯೇ?

ಅವಳ ಅನುಮಾನಕ್ಕೆ ಕಾರಣವೂ ಇತ್ತು. ಮನೆಯ ಹಿಂದಿನ ಆ ಸಿಮೆಂಟ್ ತೊಟ್ಟಿ ಮೊದಲು ಕಾಫಿ ಬೀಜ ತೊಳೆಯುವ ತೊಟ್ಟಿಯಾಗಿತ್ತು. ಕಾಫಿ ಹಣ್ಣನ್ನು ಹಾಗೇ ಒಣಗಿಸಿ ಮಾರತೊಡಗಿದ ಮೇಲೆ ಅದು ಖಾಲಿ ಬಿತ್ತು. ಖಾಲಿ ಬಿದ್ದದ್ದೇ ತಡ, ಅಜ್ಜ ಅದನ್ನು ತನ್ನದು ಮಾಡಿಕೊಂಡ. ಹೆತ್ತೂರಿನ ಕಡೆ ಮಳೆಗಾಲ ಶುರುವಾದ ಕೂಡಲೇ ಹಳ್ಳದ ಮೀನುಗಳು ನೀರಿಗೆ ಎದುರಾಗಿ ಗದ್ದೆಗೆ ಹತ್ತುತ್ತವೆ. ಅವಕ್ಕೆ ಹತ್ತುಮೀನು ಅಂತಲೇ ಹೆಸರು. ಬಿದಿರಿನ ಕೂಳಿ ಒಡ್ಡಿ ಅವನ್ನು ಹಿಡಿಯುವುದರಲ್ಲಿ ಅಜ್ಜನದು ಎತ್ತಿದ ಕೈ. ಒಂದು ದಿನದ ಸಾರಿಗೆ ಆಗಿ ಮಿಕ್ಕದ್ದನ್ನು ಜೀವಂತವಾಗಿ ತೊಟ್ಟಿಗೆ ಬಿಡುವುದು, ಬೇಕೆನಿಸಿದ ದಿನ ಹಿಡಿದು ಅಜ್ಜಿಯ ಕೈಗೆ ಕೊಡುವುದು. ಪ್ರತಿ ವರ್ಷವೂ ಹೀಗೇ ನಡೆಯುತ್ತಿತ್ತು.

ಹೋದ ದೀಪಾವಳಿಗೆ ಹಾಸನದಿಂದ ರವಿಚಂದ್ರ ಮಾವ ಪ್ಲಾಸ್ಟಿಕ್ ಕವರಿನಲ್ಲಿ ಐದು ಗೋಲ್ಡ್ ಫಿಶ್ ತಂದುಕೊಟ್ಟ. ಅಲ್ಲಿಗೆ ತೊಟ್ಟಿ ಪೂಜಿತಾಳದಾಯಿತು. ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ ಕಾಳು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು, ಮಿಕ್ಕರೆ ನೀರು ಕೆಡುತ್ತದೆ ಎಂದು ಮಾವ ಹೇಳಿದ್ದ. ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಕಿರುಬೆರಳಿನಷ್ಟಿದ್ದವು ಎಂಟು ತಿಂಗಳಲ್ಲಿ ಅವಳ ಅಂಗೈಯಷ್ಟು ಬೆಳೆದಿದ್ದವು.

"ಈ ವರ್ಷ ಗದ್ದೆಮೀನು ಒಂದೂ ಬಿಡಂಗಿಲ್ಲ. ದೊಡ್ಡವಾಗಿ ನನ್ನ ಮೀನು ತಿಂದುಬಿಡ್ತವೆ" ಎಂದು ಅವಳು ಅಜ್ಜನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಪ್ರಮಾಣ ಬೇರೆ ಮಾಡಿಸಿದ್ದಳು.

ಮಾತು ಕೇಳಿಸಿಕೊಂಡು ದೇವೀರಮ್ಮಜ್ಜಿ ಒಳಗಿಂದ ಬಂದಳು.

"ನಿಮ್ಮಜ್ಜನ ಮಾತು ನಂಬ್ತೀಯಾ? ಅವತ್ತು ಬೆಲ್ಲ ತಿಂದಿಲ್ಲ ಅಂತ ಹೇಳೋವಾಗ ಮೀಸೇಲೇ ಬೆಲ್ಲ ಇತ್ತು."

ಅದಂತೂ ನಿಜ. ಅಜ್ಜನಿಗೆ ಶುಗರ್ ಇತ್ತು. ಸಕಲೇಶಪುರದ ಡಾಕ್ಟರು ಸಿಹಿ ಮುಟ್ಟಲೇಬಾರದು ಎಂದಿದ್ದರು. ಆದರೂ ಅಜ್ಜ ಮೂರು ಸಲ ಸಿಕ್ಕಿಬಿದ್ದಿದ್ದ. ಮೂರು ಸಲವೂ "ನಾನಲ್ಲ" ಎಂದೇ ಹೇಳಿದ್ದ. ಆಮೇಲೆ ಅಜ್ಜಿ ಬೆಲ್ಲದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಪೂಜಿತಾ ಹಳೆಯ ಟವೆಲ್ ಹಿಡಿದು ತೊಟ್ಟಿಗಿಳಿದಳು. ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ, ಪಾಚಿಯಡಿ ಟವೆಲ್ ಹಾಯಿಸಿ, ಒಂದೊಂದಾಗಿ ಹಿಡಿದು ಬಕೆಟ್ಟಿಗೆ ಹಾಕಿದಳು. ಭತ್ತದ ಕಾಳಿಗಿಂತ ಸ್ವಲ್ಪ ಉದ್ದದ, ಮಣ್ಣುಬಣ್ಣದ ಮೀನುಗಳು ಹನ್ನೊಂದು. ಪಾಚಿಯನ್ನೂ ಕಿತ್ತು ಹೊರಗೆಸೆದಳು.

"ನೀನೇ ಬಿಟ್ಟಿದ್ದಲ್ವಾ? ನೀನೇ ಹೋಗಿ ಗದ್ದೆಗೆ ಸುರಿದು ಬಾ."

ಅಜ್ಜ ಬಕೆಟ್ ತೆಗೆದುಕೊಂಡ. ಕೂಡಲೇ ಹೋಗಲಿಲ್ಲ. ಬಕೆಟ್ಟನ್ನು ಬೆಳಕಿಗೆ ವಾಲಿಸಿ ಬಹಳ ಹೊತ್ತು ನೋಡಿದ.

"ನಮ್ಮ ಗದ್ದೇಲಿ ಈ ಥರದ್ದು ನಾನು ಕಂಡಿಲ್ಲ ಕಣವ್ವ" ಅಂದ.

ಎಂಥ ನಾಟಕ ಅಂದುಕೊಂಡಳು ಪೂಜಿತಾ. ಅವತ್ತು ರಾತ್ರಿ ಅವಳು ಅಜ್ಜನ ಪಕ್ಕ ಊಟಕ್ಕೆ ಕೂರಲಿಲ್ಲ. ಮಾರನೆ ದಿನವೂ ಕೂರಲಿಲ್ಲ. ಸ್ಕೂಲಿಗೆ ಹೋಗುವಾಗ ತೊಟ್ಟಿಯ ಮೇಲೆ ಚಪ್ಪರದ ಹಾಗೆ ಕಡ್ಡಿ ಹಾಸಿ, ಬಂದ ಮೇಲೆ ಒಂದಾದರೂ ಕಡ್ಡಿ ಸರಿದಿದೆಯಾ ಎಂದು ನೋಡುತ್ತಿದ್ದಳು. ಒಂದು ದಿನವೂ ಸರಿದಿರಲಿಲ್ಲ. ಅಷ್ಟಕ್ಕೇ ಅನುಮಾನ ಹೋಗುತ್ತದೆಯೇ? ಅಜ್ಜ ಹುಷಾರಾಗಿದ್ದಾನೆ ಅಂದುಕೊಂಡಳು.

ದಸರಾ ರಜ ಬಂತು. ಒಂದು ಬೆಳಿಗ್ಗೆ ಅಜ್ಜಿ ಅವಳನ್ನು ಒಲೆಯ ಹತ್ತಿರ ಕರೆದು ಮೆಲ್ಲಗೆ ಹೇಳಿದಳು.

"ನಿಮ್ಮಜ್ಜ ದಿನಾ ತಿಂಡಿ ಆದ್ಮೇಲೆ ಮುಷ್ಟಿ ಮುಚ್ಕೊಂಡು ಕೊಟ್ಟಿಗೆ ಹಿಂದಕ್ಕೆ ಹೋಯ್ತಾರೆ. ಬೆಲ್ಲದ ಡಬ್ಬಿಗೇನೋ ಬೀಗ ಐತೆ. ಅಂಗಡಿಯಿಂದ ತರಿಸ್ಕೊಂಡು ಎಲ್ಲೋ ಬಚ್ಚಿಟ್ಟಿರ್ಬೇಕು. ಹೋಗಿ ನೋಡ್ಕೊಂಡು ಬಾ."

ಪೂಜಿತಾಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಕಿರಲಿಲ್ಲ. ಈ ಸಲ ಕೈಯಲ್ಲಿ ಇರುವಾಗಲೇ ಹಿಡಿಯಬೇಕು. ಅವಳು ಚಪ್ಪಲಿ ಬಿಟ್ಟು, ಕೊಟ್ಟಿಗೆಯ ಗೋಡೆಗೆ ಅಂಟಿಕೊಂಡು ಅಜ್ಜನ ಹಿಂದೆಯೇ ಹೋದಳು.

ಕೊಟ್ಟಿಗೆಯ ಹಿಂದೆ, ಎತ್ತುಗಳು ಇದ್ದಾಗ ನೀರು ಇಡುತ್ತಿದ್ದ ಕಲ್ಲಿನ ಬಾನಿ ಇತ್ತು. ಅಜ್ಜ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಮುಷ್ಟಿ ಬಾಯಿಗೆ ಹೋಗುತ್ತದೆ ಎಂದು ಪೂಜಿತಾ ಕಾದಳು. ಮುಷ್ಟಿ ಬಾಯಿಗೆ ಹೋಗಲಿಲ್ಲ, ಬಾನಿಯ ಮೇಲೆ ಹೋಯಿತು. ಅಜ್ಜ ಎರಡು ಬೆರಳಿನಿಂದ ಚಿಟಿಕೆ ಚಿಟಿಕೆಯಾಗಿ ಏನನ್ನೋ ಉದುರಿಸಿದ.

"ಅಜ್ಜ, ಕೈ ಕೊಡಿಲ್ಲಿ."

ಅಜ್ಜ ಬೆಚ್ಚಿಬಿದ್ದ. ಆಮೇಲೆ ಕೈ ಬಿಡಿಸಿ ತೋರಿಸಿದ. ಅಂಗೈಯಲ್ಲಿ ಹುರಿದ ರವೆ ಇತ್ತು.

ಪೂಜಿತಾ ಬಾನಿಯೊಳಗೆ ಬಗ್ಗಿದಳು. ಅವಳು ಕಿತ್ತೆಸೆದಿದ್ದ ಪಾಚಿಯೇ ಅಲ್ಲಿ ಚಿಗುರಿ ಹರಡಿತ್ತು. ಅದರ ನಡುವೆ ಹೆಬ್ಬೆರಳಿನಷ್ಟು ಉದ್ದದ ಮೀನುಗಳು ಬಾಯಿ ತೆರೆದು ರವೆ ನುಂಗುತ್ತಿದ್ದವು. ಹೆಚ್ಚಿನವು ಮಣ್ಣುಬಣ್ಣದವೇ. ಒಂದರ ಬೆನ್ನು ಮಾತ್ರ ಕಪ್ಪಾಗಿದ್ದು, ಹೊಟ್ಟೆ ಕಿತ್ತಲೆ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಬಾಲವೂ ಅದೇ, ಎರಡಾಗಿ ಇಳಿಬಿದ್ದ ಅವಳ ಮೀನಿನ ಬಾಲ.

"ಇವು ನನ್ನ ಮೀನಿನ ಮರಿಗಳಾ?"

"ಹಂಗೇ ಕಾಣ್ತದೆ. ಹೋದ ವಾರದಿಂದ ಬಣ್ಣ ಬರ್ತಾ ಐತೆ. ಕೋಳಿಮರಿ ಹುಟ್ಟಿದ ಬಣ್ಣದಲ್ಲೇ ಇರ್ತದಾ ಹೇಳು? ಆ ಪಾಚಿಗೆ ಮೊಟ್ಟೆ ಅಂಟಿಸಿದ್ವು ಅಂತ ಕಾಣ್ತದೆ, ಅದಕ್ಕೇ ಉಳ್ಕೊಂಡ್ವು."

ಪೂಜಿತಾ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

"ಏಳೇ ಅವೆ."

"ನಾಲ್ಕು ಹೋದ್ವು" ಅಂದ ಅಜ್ಜ. "ಮೊದಲು ಏನು ಹಾಕ್ಬೇಕು ಅಂತ ಗೊತ್ತಾಗ್ಲಿಲ್ಲ. ಅನ್ನ ಹಾಕ್ದೆ, ನೀರು ಕೆಟ್ಟೋಯ್ತು. ಆಮೇಲೆ ನೀನು ಚಿಟಿಕೆ ಲೆಕ್ಕದಲ್ಲಿ ಹಾಕೋದನ್ನ ಕಿಟಕಿಯಿಂದ ನೋಡಿ ಕಲ್ತೆ."

ಪೂಜಿತಾಳ ಹತ್ತಿರ ಮಾವ ಕೊಟ್ಟ ಕಾಳಿನ ಪ್ಯಾಕೆಟ್ ಇತ್ತು. ಎರಡೂವರೆ ತಿಂಗಳು ಅವಳು ಕಡ್ಡಿ ಎಣಿಸುತ್ತಿದ್ದಳು. ಆ ನಾಲ್ಕು ಮರಿಗಳು ತೊಟ್ಟಿಯಲ್ಲೇ ಇದ್ದಿದ್ದರೆ ಸಾಯುತ್ತಿರಲಿಲ್ಲವೇನೋ.

"ಗದ್ದೆಗೆ ಯಾಕೆ ಸುರೀಲಿಲ್ಲ ಅಜ್ಜ?"

"ನಾನು ಬಿಟ್ಟಿಲ್ಲ ಅಂತ ನಿಮಗ್ಯಾರಿಗೂ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತಲ್ಲ. ಮತ್ತೆ ಇವು ಎಲ್ಲಿಂದ ಬಂದ್ವು ಅಂತ ನೋಡ್ಬೇಡ್ವಾ?"

"ನನಗೆ ಯಾಕೆ ಹೇಳ್ಲಿಲ್ಲ?"

ಅಜ್ಜ ಅಂಗೈಗೆ ಅಂಟಿದ್ದ ರವೆಯನ್ನು ಬಾನಿಯ ಅಂಚಿಗೆ ಒರೆಸಿದ. "ಒಂದ್ಸಲ ಹೇಳಿದ್ನಲ್ಲ" ಅಂದ.

ಅವನು ಕೋಪದಿಂದ ಹೇಳಲಿಲ್ಲ. ಅದಕ್ಕೇ ಪೂಜಿತಾಳಿಗೆ ಇನ್ನೂ ಸಂಕಟವಾಯಿತು. ಅವಳು ಒಳಗೆ ಓಡಿಹೋಗಿ ಕಾಳಿನ ಪ್ಯಾಕೆಟ್ ತಂದು ಅಜ್ಜನ ಶರ್ಟಿನ ಜೇಬಿಗೆ ತುರುಕಿದಳು. ಇಬ್ಬರೂ ಸೇರಿ ಬಾನಿಯ ನೀರು ಅರ್ಧ ಬದಲಾಯಿಸಿದರು. ಮರಿಗಳು ಇನ್ನಷ್ಟು ದೊಡ್ಡವಾದ ಮೇಲೆ ತೊಟ್ಟಿಗೆ ಬಿಡುವುದು ಎಂದು ತೀರ್ಮಾನವಾಯಿತು. ಹೊಟ್ಟೆ ಕೆಂಪಾದ ಮೀನು ಎಲ್ಲಕ್ಕಿಂತ ಮುಂದೆ ಬಂದು ಕಾಳು ಕಚ್ಚಿತು.

ಮರಿಗಳ ವಿಷಯ ಕೇಳಿದ ಮೇಲೂ ಅಜ್ಜಿಗೆ ಬೆಲ್ಲದ ಅನುಮಾನ ಹೋಗಲಿಲ್ಲ. ಮಾರನೆ ದಿನ ತಿಂಡಿಯಾದ ಮೇಲೆ ಅಜ್ಜ ಎದ್ದು ಹೊರಟ. ಬಲಗೈ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಪೂಜಿತಾ ಬಾಗಿಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಪೂಜಿ, ಹಿಡ್ಕೊ ಅವ್ರನ್ನ" ಎಂದು ಅಜ್ಜಿ ಒಲೆಯ ಹತ್ತಿರದಿಂದ ಕೂಗಿದಳು. "ಏನೈತೆ ಕೈಲಿ ಕೇಳು."

ಪೂಜಿತಾ ಅಜ್ಜನ ಮುಖ ನೋಡಿದಳು.

"ಕಾಳು. ಮೀನಿಗೆ" ಅಂದ ಅಜ್ಜ.

"ಮೀನಿನ ಕಾಳಂತೆ ಅಜ್ಜಿ."

"ಕೈ ಬಿಡಿಸಿ ನೋಡಿದ್ಯಾ?"

"ಇಲ್ಲ" ಅಂದಳು ಪೂಜಿತಾ. "ಅಜ್ಜ ಹೇಳ್ತು."

ಅವಳು ಆ ಮುಚ್ಚಿದ ಮುಷ್ಟಿಯನ್ನೇ ಹಿಡಿದುಕೊಂಡು ಅಜ್ಜನ ಜೊತೆ ಕೊಟ್ಟಿಗೆಯ ಕಡೆ ನಡೆದಳು.