ಗೂಡು ತಪ್ಪಿದ ಮದ್ದು

"ಒಂದು ಸಾಫ್ಟ್‌ವೇರ್ ನೆಟ್ಟಗೆ ಹಾಕೋಕೆ ಬರದವನನ್ನ ಇಟ್ಕೊಂಡ್ರೆ ಇನ್ನೇನಾಗುತ್ತೆ!"

ತುಂಬಿದ ಸಭಾಂಗಣದಲ್ಲಿ, ಅದೂ ಮೈಕಿನಲ್ಲಿ, ಪ್ರಾಧ್ಯಾಪಕರು ಹೀಗೆಂದಾಗ ಸಂಸ್ಥೆಯ ಕಂಪ್ಯೂಟರ್ ತಂತ್ರಜ್ಞನ ಮೈಯೆಲ್ಲ ಉರಿದುಹೋಯಿತು. ಪರದೆಯ ಮುಂದೆ ನಿಂತಿದ್ದ ಸಂಶೋಧಕಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಪರಿಶೀಲನೆಗೆ ಬಂದಿದ್ದ ಅತಿಥಿ ತಜ್ಞರು ನಗುತ್ತಲೇ ಎದ್ದುಹೋದರು.

ಅಣುಗಳನ್ನು ದೊಡ್ಡದು ಮಾಡಿ, ಬಣ್ಣ ತುಂಬಿ, ಬೇಕಾದ ಕಡೆಗೆ ತಿರುಗಿಸಿ ತೋರಿಸುವ ಸಾಫ್ಟ್‌ವೇರ್ ಅದು. ವಾರವಿಡೀ ಅದನ್ನು ಮೂರು ಬಗೆಯ ಯಂತ್ರಗಳಿಗೆ ಹಾಕುವುದರಲ್ಲಿ ಅವನಿಗೆ ಸಾಕುಸಾಕಾಗಿತ್ತು. ಸಭಾಂಗಣದ ವಿಂಡೋಸ್ ಯಂತ್ರಕ್ಕೆ ಹೊಸ ಗ್ರಾಫಿಕ್ಸ್ ಡ್ರೈವರ್ ಬೇಕಾಯಿತು. ಪ್ರಾಧ್ಯಾಪಕರ ಮ್ಯಾಕ್, ಗುರುತಿಲ್ಲದವರ ಸಾಫ್ಟ್‌ವೇರ್ ಎಂದು ಬಾಗಿಲಲ್ಲೇ ತಡೆಯಿತು. ಪ್ರಯೋಗಾಲಯದ ಲಿನಕ್ಸ್ ಒಂದು ಕೊಟ್ಟರೆ ಇನ್ನೊಂದು ಕೇಳುತ್ತ ಕಾಡಿಸಿತು. ಕೊನೆಗೆ ಮೂರರಲ್ಲೂ ಮಾದರಿ ಅಣುಗಳನ್ನು ತಿರುಗಿಸಿ ನೋಡಿಯೇ ಅವನು ಕೆಲಸ ಮುಗಿಸಿದ್ದ.

ಆದರೂ ಈ ಅವಾಂತರ. ತನ್ನ ಮದ್ದಿನ ಅಣು ಪ್ರೋಟೀನಿನ ಹಿಂಬದಿಯ ಕುಳಿಯಲ್ಲಿ, ಅದರ ಗೂಡಿನಲ್ಲಿ, ಕೂರುತ್ತದೆ ಎಂದು ಸಂಶೋಧಕಿ ವಿವರಿಸುತ್ತಿದ್ದಳು. ಪರದೆಯ ಮೇಲೆ ಅದು ಮುಂಬದಿಯ ಗೂಡಿನಲ್ಲಿ ಕೂತಿತ್ತು. ಪ್ರಾಧ್ಯಾಪಕರನ್ನು ಅತಿಥಿಗಳ ಬಳಿ ಬಿಟ್ಟು ಅವನೂ ಸಂಶೋಧಕಿಯೂ ನಿರ್ದೇಶಕರೊಂದಿಗೆ ಪ್ರಯೋಗಾಲಯಕ್ಕೆ ಓಡಿ ನೋಡಿದರೆ, ಅಲ್ಲಿ ಎಲ್ಲವೂ ಸರಿ! ಲಿನಕ್ಸಿನಲ್ಲಿ ಸರಿ, ವಿಂಡೋಸಿನಲ್ಲಿ ತಪ್ಪು. ಅಂದಮೇಲೆ ತಪ್ಪು ಯಾರದು? ಹಾಕಿದವನದು. ಸಂಜೆಯೊಳಗೆ ರಾಜೀನಾಮೆ ಕೊಡಬೇಕೆಂದು ನಿರ್ದೇಶಕರು ಹೇಳಿಬಿಟ್ಟರು.

ಅವನು ನೇರ ಅಕ್ಕನ ಕೋಣೆಗೆ ನುಗ್ಗಿದ. ಅವನ ಒಡಹುಟ್ಟಿದ ಅಕ್ಕ ಅದೇ ಸಂಸ್ಥೆಯ ಸಂಶೋಧನಾ ಪತ್ರಿಕೆಯ ಸಂಪಾದಕಿ, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು. ಕದ್ದ ಬರಹ, ತಿದ್ದಿದ ಚಿತ್ರ ಹಿಡಿಯುವುದರಲ್ಲಿ ಅವಳ ಕಣ್ಣು ತಪ್ಪಿಸಿದವರಿಲ್ಲ. ಸಂಸ್ಥೆಯಲ್ಲಿ ಏನೇ ಕಿತಾಪತಿ ನಡೆದರೂ ಜನ ಕೊನೆಗೆ ಬರುತ್ತಿದ್ದುದು ಅವಳ ಬಳಿಗೇ.

"ಎಲ್ಲ ಸೇರಿ ನನ್ನ ತಲೆ ಮೇಲೆ ಗೂಬೆ ಕೂರಿಸ್ತಿದಾರೆ ಅಕ್ಕಾ!" ಅವನು ಮೇಜು ಗುದ್ದಿದ.

"ಮೇಜು ಏನ್ ಮಾಡಿತ್ತೋ ನಿಂಗೆ? ಕೂತ್ಕೊ. ಪರದೆ ಮೇಲೆ ಮದ್ದು ಹೇಗಿತ್ತು? ಚೆಲ್ಲಾಪಿಲ್ಲಿ ಆಗಿತ್ತಾ?"

"ಇಲ್ಲ. ಅಚ್ಚುಕಟ್ಟಾಗಿ ಮುಂದಿನ ಗೂಡಲ್ಲಿ ಕೂತಿತ್ತು."

"ಕೆಟ್ಟ ಸಾಫ್ಟ್‌ವೇರು ನಿಂತೇ ಹೋಗುತ್ತೆ, ಬಣ್ಣ ಕಲಸುತ್ತೆ. ಗೂಡು ಹುಡುಕಿ ಮದ್ದು ಕೂರಿಸೋ ಅಷ್ಟು ಬುದ್ಧಿ ಅದಕ್ಕೆಲ್ಲಿಂದ ಬಂತು?" ಅವಳು ಎದ್ದಳು. "ನಡಿ ಪ್ರಯೋಗಾಲಯಕ್ಕೆ."

ಲಿನಕ್ಸ್ ಯಂತ್ರಕ್ಕೆ ಒಂದೇ ಪಾಸ್‌ವರ್ಡ್. ತಮ್ಮನನ್ನು ಬಿಟ್ಟರೆ ಅದು ಗೊತ್ತಿದ್ದುದು ಮೂವರಿಗೆ: ಸಂಶೋಧಕಿಗೆ, ದಿನವಿಡೀ ಅದೇ ಯಂತ್ರದ ಮುಂದೆ ಕೂರುವ ಅವಳ ಸಹಪಾಠಿಗೆ, ಇಬ್ಬರಿಗೂ ಮಾರ್ಗದರ್ಶಕರಾದ ಪ್ರಾಧ್ಯಾಪಕರಿಗೆ. ಸಹಪಾಠಿಗೂ ಸಂಶೋಧಕಿಗೂ ಮಾತು ಬಿಟ್ಟಿತ್ತು. ತಮ್ಮನ ಅನುಮಾನವೆಲ್ಲ ಅವನ ಮೇಲೇ.

ಅಕ್ಕ ಸಂಶೋಧಕಿಯ ಫೋಲ್ಡರ್ ತೆರೆಸಿ ಪರದೆಯ ಹತ್ತಿರ ಬಗ್ಗಿದಳು. ಒಂದೇ ಹೆಸರಿನ ಎರಡು ಫೈಲುಗಳಿದ್ದವು. ಒಂದರ ಹೆಸರು ಇಂಗ್ಲಿಷಿನ ದೊಡ್ಡ ಅಕ್ಷರದಿಂದ ಶುರುವಾಗಿತ್ತು, ಇನ್ನೊಂದರದು ಚಿಕ್ಕ ಅಕ್ಷರದಿಂದ.

"ಸಭಾಂಗಣಕ್ಕೆ ಹೇಗೆ ಸಾಗಿಸ್ದೆ?"

"ಇಡೀ ಫೋಲ್ಡರ್ ಒಟ್ಟಿಗೆ ಕಾಪಿ ಮಾಡ್ದೆ."

"ಎಲ್ಲರನ್ನೂ ಇಲ್ಲಿಗೇ ಕರಿ," ಎಂದಳು ಅಕ್ಕ. ಅವಳ ದನಿಯಲ್ಲೂ ಈಗ ಬಿಸಿ ಇತ್ತು.

ನಿರ್ದೇಶಕರು ಗಡಿಯಾರ ನೋಡುತ್ತಲೇ ಬಂದರು. ಸಂಶೋಧಕಿ ಬಾಗಿಲ ಬಳಿ ನಿಂತಳು, ಸಹಪಾಠಿ ಕಿಟಕಿಯ ಬಳಿ. ಪ್ರಾಧ್ಯಾಪಕರು ಕುರ್ಚಿ ಎಳೆದುಕೊಂಡು ಕೂತರು.

"ಮೊದಲು ಇವಳ ಮೂಲ ಫೈಲ್ ನೋಡಿಬಿಡೋಣ," ಎಂದಳು ಅಕ್ಕ.

"ಅದೆಲ್ಲಿ ಉಳಿದಿರುತ್ತಮ್ಮ?" ಎಂದರು ಪ್ರಾಧ್ಯಾಪಕರು ಅಸಹನೆಯಿಂದ. "ಹೊಸದು ಅದರ ಮೇಲೇ ಬಂದು..."

ಮಾತು ಅಲ್ಲೇ ನಿಂತಿತು.

"ಹೊಸದೊಂದು ಬಂದಿದೆ ಅಂತ ನಿಮಗೆ ಯಾರು ಹೇಳಿದ್ರು ಸರ್? ನಾನಂತೂ ಹೇಳಿಲ್ಲ."

ಅಕ್ಕ ಒಂದೊಂದಾಗಿ ಬಿಡಿಸಿಟ್ಟಳು. ಯಾರೋ ಮದ್ದಿನ ಜಾಗ ಬದಲಿಸಿದ ಫೈಲನ್ನು ಅದೇ ಹೆಸರಲ್ಲಿ ಇಲ್ಲಿ ಇಟ್ಟಿದ್ದರು, ಹಳೆಯದು ಅಳಿಸಿಹೋಗಲಿ ಎಂದು. ಆದರೆ ಹೆಸರನ್ನು ಚಿಕ್ಕ ಅಕ್ಷರದಲ್ಲಿ ಬರೆದಿದ್ದರು. ವಿಂಡೋಸಿಗೆ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಮ್ಯಾಕಿಗೂ ಸಾಮಾನ್ಯವಾಗಿ ಹಾಗೆಯೇ. ಲಿನಕ್ಸಿಗೆ ಮಾತ್ರ ಅವು ಬೇರೆಬೇರೆ ಹೆಸರು. ಹಾಗಾಗಿ ಇಲ್ಲಿ ಎರಡೂ ಉಳಿದವು; ಸಂಶೋಧಕಿ ತನ್ನದನ್ನೇ ತೆರೆದಳು, ಸರಿಯಾಗಿ ಕಂಡಿತು. ಕಾಪಿ ಮಾಡುವಾಗ ಚಿಕ್ಕಕ್ಷರದ್ದು ಆಮೇಲೆ ಹೋಗಿ, ವಿಂಡೋಸಿನಲ್ಲಿ ಇವಳದನ್ನು ನುಂಗಿತು.

"ದಿನಾ ಲಿನಕ್ಸಲ್ಲೇ ಕೆಲಸ ಮಾಡೋ ಇವಳ ಸಹಪಾಠಿ ಅಂಥಾ ತಪ್ಪು ಮಾಡಲ್ಲ. ಮ್ಯಾಕ್ ಬಳಸಿ ರೂಢಿ ಆದವರು ಮಾಡ್ತಾರೆ. ಮತ್ತೆ ಆ ಮುಂದಿನ ಗೂಡು... ಮದ್ದು ಅಲ್ಲೇ ಕೂರುತ್ತೆ ಅಂತ ನಮ್ಮ ಪತ್ರಿಕೆಯಲ್ಲೇ ಬರೆದು ಹೆಸರು ಮಾಡಿದವರು ನೀವು ಸರ್. ಇವಳು ಗೆದ್ರೆ ನಿಮ್ಮದು ಸುಳ್ಳಾಗ್ತಿತ್ತು."

ಪ್ರಾಧ್ಯಾಪಕರು ಕನ್ನಡಕ ತೆಗೆದರು. "ನನ್ನ ಹೆಸರು ಕಟ್ಟೋಕೆ ಇಡೀ ಆಯಸ್ಸು ಹಿಡಿದಿದೆ," ಎಂದರು.

"ಅದಕ್ಕೆ ನನ್ನ ಹೊಟ್ಟೆ ಮೇಲೆ ಹೊಡೀಬೇಕಿತ್ತಾ?" ತಮ್ಮ ಗುಡುಗಿದ. "ನಿಮ್ಮ ಮ್ಯಾಕಿಗೆ ಸಾಫ್ಟ್‌ವೇರ್ ಹಾಕಿಕೊಟ್ಟಾಗ ಬೆನ್ನು ತಟ್ಟಿದ್ರಲ್ಲ, ಅದರಲ್ಲೇ ಕೂತು ಈ ಕೆಲಸ ಮಾಡಿದ್ರಾ?"

ನಿರ್ದೇಶಕರು ನಡುವೆ ಕೈ ಅಡ್ಡ ಹಿಡಿದರು. "ರಾಜೀನಾಮೆ ಮಾತು ಬಿಡಪ್ಪ. ಆದ್ರೆ ಇದು ನಾಲ್ಕು ಗೋಡೆ ಒಳಗೇ ಮುಗೀಲಿ. ಸಂಸ್ಥೆ ಮಾನದ ಪ್ರಶ್ನೆ."

"ನಕ್ಕಿದ್ದು ನಾಲ್ಕು ಗೋಡೆ ಒಳಗಲ್ಲ ಸರ್," ಎಂದಳು ಸಂಶೋಧಕಿ. "ಅತಿಥಿಗಳು ಇನ್ನೂ ಸಂಸ್ಥೆ ಬಿಟ್ಟು ಹೊರಟಿಲ್ಲ. ಕರೆಸಿ. ಇಲ್ಲ ಅಂದ್ರೆ ನಾನೇ ಹೋಗಿ ಕರೀತೀನಿ."

ನಿರ್ದೇಶಕರು ಅಕ್ಕನ ಮುಖ ನೋಡಿದರು. ಅಲ್ಲಿ ಕರುಣೆ ಕಾಣದೆ ಫೋನ್ ಕೈಗೆತ್ತಿಕೊಂಡರು.

ಸಭಾಂಗಣ ಮತ್ತೆ ತುಂಬಿತು. ನಡೆದದ್ದನ್ನು ನಿರ್ದೇಶಕರು ಮೈಕಿನಲ್ಲಿ ತಡವರಿಸುತ್ತ ಹೇಳಿ ಮುಗಿಸಿದರು. ತಂತ್ರಜ್ಞ ಸರಿಯಾದ ಫೈಲನ್ನು ತೆರೆದ. ಪರದೆಯ ಮೇಲೆ ಪ್ರೋಟೀನು ನಿಧಾನವಾಗಿ ಬೆನ್ನು ತಿರುಗಿಸಿತು. ಹಿಂದಿನ ಗೂಡಿನಲ್ಲಿ ಮದ್ದು ಹೇಳಿ ಮಾಡಿಸಿದಂತೆ ಕೂತಿತ್ತು. ಈ ಸಲ ಯಾರೂ ನಗಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಪ್ರಾಧ್ಯಾಪಕರು ಸದ್ದಿಲ್ಲದೆ ಎದ್ದು ಬಾಗಿಲ ಕಡೆ ಹೆಜ್ಜೆ ಹಾಕಿದರು.

"ಕೂತ್ಕೊಳ್ಳಿ ಸರ್," ಎಂದಳು ಸಂಶೋಧಕಿ ಮೈಕಿನಲ್ಲಿ. "ನಾನಿನ್ನೂ ಮುಗಿಸಿಲ್ಲ."

ಅವರು ಕೂತರು.