ಅರ್ಧಕ್ಕೆ ನಿಂತ ಕಿತ್ತಳೆ ಗುರುತು

ಮೊದಲ ಭೇಟಿಯಲ್ಲೇ ಡೆಕ್ಲನ್ ಬ್ರೈಡಿಯ ಕೊರಳಪಟ್ಟಿ ಹಿಡಿದು ದರದರನೆ ರಸ್ತೆಯಂಚಿಗೆ ಎಳೆದಿದ್ದ!

ಮರುಕ್ಷಣವೇ ಮಂಜಿನೊಳಗಿಂದ ಕುರಿ ತುಂಬಿದ ಲಾರಿಯೊಂದು ಅವಳು ನಿಂತಿದ್ದ ಜಾಗದ ಮೇಲೇ ಹಾದುಹೋಯಿತು.

"ಸತ್ತ ಕಾಂಗರೂ ನೋಡೋಕೆ ಬಂದು ನೀನೇ ಸಾಯ್ಬೇಡ ಮಾರಾಯ್ತಿ," ಎಂದು ಬೈದಿದ್ದ. ಬಾಯಿ ಬೈಯುತ್ತಿದ್ದರೂ ಅವಳನ್ನು ಹಿಡಿದ ಕೈ ಗಡಗಡ ನಡುಗುತ್ತಿತ್ತು. ಅವಳು ಮನಸೋತದ್ದು ಆ ನಡುಕಕ್ಕೇ.

ಕೂಮಾ ಊರಿನ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕು ಸತ್ತ ಕಾಂಗರೂಗಳ ಹೊಟ್ಟೆಚೀಲದಲ್ಲಿ ಎಷ್ಟೋ ಸಲ ಮರಿ ಬದುಕಿರುತ್ತದೆ. ಅಂಥ ಮರಿಗಳನ್ನು ಉಳಿಸಲು ಬೆಳಗಾಗುತ್ತಲೇ ನೊರೀನಳ ಗುಂಪಿನವರು ಇಬ್ಬಿಬ್ಬರಾಗಿ ಹೊರಡುತ್ತಾರೆ. ಒಬ್ಬರು ತಿರುವಿನಲ್ಲಿ ನಿಂತು ಲಾರಿ ಕಾಯಬೇಕು, ಇನ್ನೊಬ್ಬರು ಬಗ್ಗಿ ಚೀಲಕ್ಕೆ ಕೈ ಹಾಕಿ ನೋಡಬೇಕು. ನೋಡಿಯಾದ ಮೇಲೆ ಕಳೇಬರಕ್ಕೆ ಕಣ್ಣು ಕುಕ್ಕುವ ಸ್ಪ್ರೇ ಬಣ್ಣದಲ್ಲಿ ಎರಡು ಗೆರೆ, ಒಂದು ದೊಡ್ಡ ಕತ್ತರಿ ಗುರುತು. ಅದನ್ನು ಕಂಡವರು ಮತ್ತೆ ಅಲ್ಲಿ ಗಾಡಿ ನಿಲ್ಲಿಸಿ ಜೀವಕ್ಕೆ ಸಂಚಕಾರ ತಂದುಕೊಳ್ಳುವುದಿಲ್ಲ.

ಒಬ್ಬೊಬ್ಬರದು ಒಂದೊಂದು ಬಣ್ಣ. ಡೆಕ್ಲನ್‌ನದು ಕಿತ್ತಳೆ. ಬ್ರೈಡಿಯದು ಗುಲಾಬಿ.

ಒಂದು ಬೆಳಿಗ್ಗೆ ಅವಳ ಬಣ್ಣದ ಡಬ್ಬಿ ಖಾಲಿಯಾಗಿತ್ತು. ತನ್ನದನ್ನು ಕೊಟ್ಟು ಅವನು ತಿರುವಿಗೆ ಹೋದ. ಅವಳು ಬಗ್ಗಿದಳೋ ಇಲ್ಲವೋ, ಲಾರಿಯ ಹಾರ್ನ್ ಕಿವಿಗೆ ಅಪ್ಪಳಿಸಿತು. ಚೀಲ ಮುಟ್ಟದೆಯೇ ಬರಬರನೆ ಎರಡು ಗೆರೆ ಎಳೆದು ಓಡಿಬಂದಳು. ನೋಡಿದೆ, ಖಾಲಿ ಎಂದು ಅವನಿಗೆ ಹೇಳಿಬಿಟ್ಟಳು.

ಖಾಲಿ ಇರಲಿಲ್ಲ... ಎರಡು ದಿನ ಬಿಟ್ಟು ಆ ಕಳೇಬರವನ್ನು ಪಕ್ಕಕ್ಕೆ ಎಳೆದವರಿಗೆ ಚೀಲದಲ್ಲಿ ಹಸಿದು ಸತ್ತ ಮರಿ ಸಿಕ್ಕಿತು. ಕಿತ್ತಳೆ ಗುರುತು ನೋಡಿ ನೊರೀನ್ ಎಲ್ಲರೆದುರು ಡೆಕ್ಲನ್‌ನನ್ನು ಕೇಳಿದಳು. ಅವನು ಒಂದು ಗಳಿಗೆ ಬ್ರೈಡಿಯ ಮುಖ ನೋಡಿದ.

"ತಪ್ಪು ನಂದೇ," ಎಂದ.

ಬ್ರೈಡಿ ತಲೆ ತಗ್ಗಿಸಿದಳು. ಅಂದೇ ಅವನನ್ನು ಗುಂಪಿನಿಂದ ಕೈಬಿಟ್ಟರು.

ಮೂರು ವಾರ ಅವನ ಫೋನಿಲ್ಲ. ನನ್ನ ಮುಖ ಕಂಡರೂ ಅಸಹ್ಯವಾಗಿರಬೇಕು ಅವನಿಗೆ, ಎಂದು ಅವಳು ದಿಂಬಿಗೆ ಮುಖ ಒತ್ತಿ ಅತ್ತಳು. ಅಷ್ಟರಲ್ಲಿ ಅಂಗಡಿಯಲ್ಲಿ ಯಾರೋ ಅಂದರು: ಡೆಕ್ಲನ್ ಈಗಲೂ ದಿನಾ ಬೆಳಿಗ್ಗೆ ಹೋಗ್ತಾನೆ, ಒಬ್ಬನೇ.

ಒಬ್ಬನೇ! ತಿರುವಿನಲ್ಲಿ ಕಾಯುವವರು ಯಾರು?

ಮರುದಿನ ಬೆಳಕು ಹರಿಯುತ್ತಲೇ ಅವಳು ಹೆದ್ದಾರಿ ಹಿಡಿದಳು. ಒಂದು ಕಾಂಗರೂ, ಹಸಿ ಕಿತ್ತಳೆ ಗುರುತು. ಇನ್ನೊಂದು, ಅದರ ಮೇಲೂ ಗುರುತು. ಸದ್ಯ, ಮುಂದೆ ಇದ್ದಾನೆ...

ಮೂರನೆಯದರ ಮೇಲೆ ಒಂದೇ ಗೆರೆ ಇತ್ತು.

ಅವನ ಪಿಕಪ್ ಪಕ್ಕದಲ್ಲೇ ದೀಪ ಮಿಣುಕಿಸುತ್ತಾ ನಿಂತಿತ್ತು, ಒಳಗೆ ಯಾರೂ ಇಲ್ಲ. ಡಬ್ಬಿ ರಸ್ತೆಯ ನಡುವೆ ಬಿದ್ದಿತ್ತು. ಗೆರೆ ಮುಟ್ಟಿದರೆ ಬೆರಳಿಗೆ ಬಣ್ಣ ಅಂಟಿತು. ಅವನು ಗುರುತನ್ನು ಅರ್ಧಕ್ಕೆ ಬಿಡುವವನಲ್ಲ. ದೇವರೇ, ಅವನಿಗೆ ಏನೂ ಆಗಿರದಿರಲಿ... ಅವನ ಹೆಸರು ಹಿಡಿದು ಕೂಗಿದಳು. ಎರಡನೆಯ ಸಲ ಕೂಗಿದಾಗ ಇಳಿಜಾರಿನ ಕೆಳಗಿಂದ ಯಾರೋ ನರಳಿದರು.

ಹಿಮ ಕಟ್ಟಿದ ಹುಲ್ಲಿನಲ್ಲಿ ಅವನು ಬಿದ್ದಿದ್ದ. ಕಾರೊಂದು ಸವರಿಕೊಂಡು ಹೋದಾಗ ಕೆಳಕ್ಕೆ ಉರುಳಿದ್ದನಂತೆ. ಬಲಗಾಲು ಸೊಟ್ಟಗಾಗಿತ್ತು. ಸ್ವೆಟರಿನೊಳಗೆ ಏನೋ ಮಿಸುಕುತ್ತಿತ್ತು. ಮರಿ! ಜೀವಂತ ಮರಿ!

ಅವಳು ಆಂಬುಲೆನ್ಸ್ ಬರಹೇಳಿದಳು. ನಂತರ ಅವನ ಪಕ್ಕದಲ್ಲೇ ಕುಳಿತು ನೊರೀನಳಿಗೆ ಫೋನ್ ಮಾಡಿ, ಅಂದು ಚೀಲಕ್ಕೆ ಕೈ ಹಾಕದೆ ಗುರುತು ಎಳೆದವಳು ತಾನೇ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಫೋನ್ ಇಟ್ಟು ಡೆಕ್ಲನ್ ಕಡೆ ತಿರುಗಿದಳು.

"ನಿಂಗೆ ಆವತ್ತೇ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು. ನೀನೇ ಬಂದು ಹೇಳ್ತೀಯಾ ಅಂತ ಕಾದೆ. ನೀನು ಬರ್ಲಿಲ್ಲ."

"ಹೆದ್ರಿದ್ದೆ ಡೆಕ್ಲನ್. ಲಾರಿಗೆ ಹೆದ್ರಿದೆ, ಆಮೇಲೆ ನಿಂಗೆ ಹೆದ್ರಿದೆ."

"ನಾನೂ ಹೆದ್ರಿದ್ದೆ. ಇವಳು ಇನ್ನು ಯಾವತ್ತೂ ಬರಲ್ವೇನೋ ಅಂತ." ಅವನು ಕಣ್ಣು ಮುಚ್ಚಿ ನೋವು ನುಂಗಿದ. "ಬ್ರೈಡಿ, ಮೇಲೆ ಗುರುತು ಅರ್ಧ ಇದೆ. ಯಾರಾದ್ರೂ ಗಾಡಿ ನಿಲ್ಸಿಬಿಡ್ತಾರೆ."

ಅವಳು ಮತ್ತೆ ಆ ರಸ್ತೆ ಹತ್ತಿದಳು. ದೂರದಲ್ಲಿ ಲಾರಿಯ ಸದ್ದು. ಓಡು, ಓಡು ಎನ್ನುತ್ತಿತ್ತು ಎದೆ. ಆದರೂ ಬಗ್ಗಿ ಆ ತಣ್ಣನೆಯ ಚೀಲದೊಳಗೆ ಬುಡದವರೆಗೂ ಕೈ ಹಾಕಿ ನೋಡಿದಳು. ಖಾಲಿ. ಆಮೇಲೆ ಜೇಬಿನಿಂದ ತನ್ನ ಹೊಸ ಡಬ್ಬಿ ತೆಗೆದು, ಅವನ ಕಿತ್ತಳೆ ಗೆರೆಗೆ ಅಡ್ಡಲಾಗಿ ಗುಲಾಬಿ ಗೆರೆಯೊಂದನ್ನು ಎಳೆದಳು. ಅಂಚಿಗೆ ಸರಿದು ನಿಂತ ಮೇಲೆ ಲಾರಿ ಹಾದುಹೋಯಿತು.

ಕೆಳಗಿಳಿದು ಬಂದಾಗ ಅವನು ಮರಿಯನ್ನು ಅವಳ ಕೋಟಿನೊಳಗೆ ಇಟ್ಟ.

"ನಾಲ್ಕು ಗಂಟೆಗೊಂದ್ಸಲ ಹಾಲು ಕುಡಿಸ್ಬೇಕು. ನನ್ನ ಕಾಲಂತೂ ಹೀಗಾಯ್ತು."

"ನಾನು ಬಂದು ಕುಡಿಸ್ತೀನಿ."

"ಒಂದು ವರ್ಷ ಸಾಕ್ಬೇಕಾಗತ್ತೆ ಮಾರಾಯ್ತಿ."

"ಅದಾದ್ಮೇಲೆ ಹೋಗು ಅಂತೀಯಾ?"

ಡೆಕ್ಲನ್ ಅವಳ ಬಣ್ಣ ಮೆತ್ತಿದ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವನ ಕೈ ಮೊದಲ ದಿನದ ಹಾಗೆಯೇ ನಡುಗುತ್ತಿತ್ತು.

"ಹೋದ್ರೆ ತಿರುವಲ್ಲಿ ನಿಂತು ನನ್ನ ಕಾಯೋರು ಯಾರು?"